ಸಿಟ್ಟು ಬಂದರೆ ಸಕ್ಕರೆ

ಮಾರ್ಚ್ 4

ತಮ್ಮಾ,

ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರವಾಗುತ್ತ ಬಂತು. ಜೋರಾಗಿ ಮಾತಾಡಿದರೆ ಹೊಟ್ಟೆಯ ಹೊಲಿಗೆ ಎಳೆಯುತ್ತದೆ, ನಿನ್ನ ಬೆಟ್ಟದ ಮೇಲೆ ಫೋನು ಸಿಗುವುದೂ ಅಷ್ಟಕ್ಕಷ್ಟೇ. ಅದಕ್ಕೇ ಕಾಗದ. ನಿಮ್ಮ ಹವಾಮಾನ ಕೇಂದ್ರಕ್ಕೆ ವಾರಕ್ಕೊಮ್ಮೆ ಸಾಮಾನು ತರುವ ಜೀಪಿನಲ್ಲಿ ಇದೂ ಹತ್ತಿ ಬರಲಿ.

ಕರುಳಿನ ಒಂದು ತುಂಡನ್ನೂ ಅದರೊಳಗಿದ್ದ ಗಡ್ಡೆಯನ್ನೂ ತೆಗೆದರು. ಗಡ್ಡೆ ಹೋಯಿತು ಎಂದು ಎಲ್ಲರೂ ನಗುಮುಖ ಮಾಡಿದರು. ಆದರೆ ಇಷ್ಟು ವರ್ಷ ಜೊತೆಗಿದ್ದ ಶುಗರ್ ಎಲ್ಲಿಗೆ ಹೋಗುತ್ತದೆ? ಬಾಡಿಗೆಯವನು ಮನೆ ಖಾಲಿ ಮಾಡಿದ, ಮನೆಯ ಯಜಮಾನ ಜಗ್ಗದೆ ಕೂತಿದ್ದಾನೆ. ಶುಗರ್ ಏರಿದರೆ ಗಾಯ ಒಣಗುವುದಿಲ್ಲ, ಅದಕ್ಕೆ ಇನ್ಸುಲಿನ್. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು, ಆದರೆ ಎರಡು ತುತ್ತಿಗೇ ಹೊಟ್ಟೆ ಸಾಕು ಎನ್ನುತ್ತದೆ. ತಿನ್ನದಿದ್ದರೆ ಶುಗರ್ ದಡಕ್ಕನೆ ಇಳಿಯುತ್ತದೆ. ಹೊಸದಾಗಿ ಕಾರು ಕಲಿಯುವವರ ಕಾಲಿಗೆ ಸಿಕ್ಕ ಕ್ಲಚ್ಚಿನ ಹಾಗಾಗಿದೆ ನನ್ನ ಮೈ. ಬಿಟ್ಟರೆ ನೆಗೆಯುತ್ತದೆ, ಒತ್ತಿದರೆ ಮುಂದಕ್ಕೇ ಹೋಗುವುದಿಲ್ಲ.

ಮನೆಗೆ ಬಂದ ಮಾರನೆಯ ದಿನವೇ ಬಚ್ಚಲಲ್ಲಿ ಬಿದ್ದೆ. ಹೆದರಬೇಡ, ಪೆಟ್ಟಾಗಲಿಲ್ಲ. ಟವೆಲ್ ಒದ್ದೆಯಾಗಿದೆ ಎಂದು ಮಗಳ ಮೇಲೆ ಕೂಗಾಡುತ್ತಿದ್ದೆನಂತೆ. ಆಮೇಲೆ "ಹೋಗ್ಲಿ ಬಿಡು ಪುಟ್ಟಾ, ನೀನು ಹೇಳೋದೇ ಸರಿ" ಎಂದೆನಂತೆ. ಅಷ್ಟು ಹೇಳಿ ಗೋಡೆಗೆ ಒರಗಿ ಜಾರಿದೆನಂತೆ. ಎಲ್ಲವೂ ಅಂತೆಕಂತೆ, ನನಗೊಂದೂ ನೆನಪಿಲ್ಲ. ಫೋನಿನಲ್ಲಿ ನರ್ಸಮ್ಮ ಮಗಳಿಗೆ ಶುಗರ್ ಇಳಿದಾಗಿನ ಲಕ್ಷಣಗಳನ್ನೆಲ್ಲ ಹೇಳಿದರು. ಬೆವರುವುದು, ನಡುಗುವುದು, ಮಂಕಾಗುವುದು, ಇದ್ದಕ್ಕಿದ್ದಂತೆ ಸಿಟ್ಟಾಗುವುದು. ನನ್ನ ಮಗಳು ಕೊನೆಯದೊಂದನ್ನೇ ಗಟ್ಟಿಯಾಗಿ ಹಿಡಿದಳು. ಅಂದಿನಿಂದ ಅವಳ ಜೇಬಿನ ತುಂಬ ಪೆಪ್ಪರಮಿಂಟು. ನಾನು ದನಿ ಏರಿಸಿದರೆ ಸಾಕು, ಮೊದಲು ಬಾಯಿಗೆ ಸಿಹಿ, ಆಮೇಲೆ ಬೆರಳಿಗೆ ಸೂಜಿ. ನಿನ್ನೆ ಅಳಿಯ ನನ್ನ ಡ್ರೈವಿಂಗ್ ಸ್ಕೂಲಿನ ಕಾರನ್ನು ಎರಡನೇ ಗೇರಿನಲ್ಲೇ ಅಂಗಡಿವರೆಗೂ ಓಡಿಸಿಕೊಂಡು ಹೋದನೆಂದು ಗೊತ್ತಾಗಿ ಬೈಯುತ್ತಿದ್ದೆ. ಅಷ್ಟರಲ್ಲಿ ಬಾಯಲ್ಲಿ ಪೆಪ್ಪರಮಿಂಟು! ಆಮೇಲೆ ನೋಡಿದರೆ ಶುಗರ್ ಇನ್ನೂರು ದಾಟಿತ್ತು.

ನಗು ನೀನು. ನನಗೆ ನಕ್ಕರೂ ಹೊಲಿಗೆ ಎಳೆಯುತ್ತದೆ.

ನಿನ್ನ ಅಕ್ಕ


ಮಾರ್ಚ್ 13

ಅಕ್ಕಾ,

ನಕ್ಕೆ. ಒಬ್ಬನೇ ಕೂತು ನಗುವುದನ್ನು ನೋಡಿ ನನ್ನ ಜೊತೆಯವನು, "ಏನ್ ಸಾರ್, ಮೇಲಧಿಕಾರಿ ಸತ್ತರಾ?" ಎಂದು ಕೇಳಿದ.

ಸಿಟ್ಟು ಬಂದರೆ ಶುಗರ್ ಕಡಿಮೆ ಅನ್ನುವುದಾದರೆ ನಿನಗೆ ಹುಟ್ಟಿದಾಗಿನಿಂದ ಕಡಿಮೆಯೇ ಇದ್ದಿರಬೇಕು. ನನಗೆ ಸೈಕಲ್ ಕಲಿಸುವಾಗ ನಿನ್ನ ಬಾಯಿಗೆ ಒಂದು ಮೂಟೆ ಸಕ್ಕರೆ ಸುರಿಯಬೇಕಿತ್ತು. ಆಗ ಯಾರಿಗೂ ಹೊಳೆಯಲಿಲ್ಲ.

ತಮಾಷೆ ಸಾಕು. ಮಗಳು ಹೇಳಿದ ಹಾಗೆ ಕೇಳು. ಅವಳು ಹೆದರಿದ್ದಾಳೆ. ತಂದೆ ಇಲ್ಲದ ಹುಡುಗಿ, ಹೆತ್ತವರೆಂದು ಅವಳಿಗೆ ಇರುವವಳು ನೀನೊಬ್ಬಳೇ. ಪೆಪ್ಪರಮಿಂಟು ಕೊಟ್ಟರೆ ಚೀಪು, ಜಗಳ ಆಮೇಲೆ ಆಡಿದರಾಯಿತು. ಬೈಗುಳವೇನು ಹಳಸಿಹೋಗುತ್ತದೆಯೇ?

ಇಲ್ಲಿ ಗಾಳಿ ಜೋರು. ಗಾಳಿಯ ವೇಗ ಅಳೆಯುವ ಬಟ್ಟಲುಗಳಲ್ಲಿ ಒಂದು ಮುರಿದು ಹಾರಿಹೋಯಿತು. ಹುಡುಕಲು ಹೋದರೆ ನಾವೂ ಹಾರಿಹೋಗುತ್ತೇವೆ. ಹೊಸದು ಬರುವವರೆಗೆ ಗಾಳಿಯನ್ನು ಮುಖದ ಮೇಲೆಯೇ ಅಳೆಯುತ್ತಿದ್ದೇವೆ. ರಜೆಗೆ ಬರೆದು ಹಾಕಿದ್ದೇನೆ, ನನ್ನ ಬದಲಿಗೆ ಬರಬೇಕಾದವನು ಬಂದಿಲ್ಲ. ಅವನು ಬಂದ ಕೂಡಲೇ ಹೊರಡುತ್ತೇನೆ.

ತಮ್ಮ


ಮಾರ್ಚ್ 21

ತಮ್ಮಾ,

ಇದನ್ನು ಓದುವಾಗ ನಗಬೇಡ.

ಗಾಯ ಒಂದು ಮೂಲೆಯಲ್ಲಿ ಇನ್ನೂ ಒಸರುತ್ತಿದೆ. ಅದು ಮುಚ್ಚಿಕೊಂಡ ಮೇಲೆ ಕೀಮೋ. ಮೊನ್ನೆ ಅದರ ಮಾತಿಗೆಂದು ಡಾಕ್ಟರರ ಹತ್ತಿರ ಹೋಗಿದ್ದೆವು. ಎರಡು ದಾರಿ ಇವೆಯಂತೆ. ಒಂದರಲ್ಲಿ ಮಾತ್ರೆಯ ಜೊತೆಗೆ ಮೂರು ವಾರಕ್ಕೊಮ್ಮೆ ಡ್ರಿಪ್. ಇನ್ನೊಂದರಲ್ಲಿ ಬರೀ ಮಾತ್ರೆ. ಡ್ರಿಪ್ ಇದ್ದರೆ ರೋಗ ತಿರುಗಿ ಬರದಂತೆ ಸ್ವಲ್ಪ ಹೆಚ್ಚು ಕಾವಲು. ಆದರೆ ಆ ಔಷಧಿ ಕೈಕಾಲಿನ ನರಗಳನ್ನು ಮರಗಟ್ಟಿಸುತ್ತದೆ, ಕೆಲವರಿಗೆ ಅದು ಹೋಗುವುದೇ ಇಲ್ಲ. ವಾಂತಿ ತಡೆಯಲು ಕೊಡುವ ಇನ್ನೊಂದು ಔಷಧಿಯಿಂದ ಶುಗರ್ ಆಕಾಶಕ್ಕೆ ಹೋಗುತ್ತದೆ.

ನನ್ನ ಎಡಗಾಲಿನ ಬೆರಳುಗಳು ಶುಗರಿನಿಂದ ಆಗಲೇ ಅರ್ಧ ಸತ್ತಿವೆ, ನಿನಗೆ ಗೊತ್ತು. ಚಪ್ಪಲಿ ಕಳಚಿಹೋದರೂ ನೋಡಿಯೇ ತಿಳಿಯಬೇಕು. ಬಲಗಾಲು ಚೆನ್ನಾಗಿದೆ. ಡ್ರೈವಿಂಗ್ ಕಲಿಸುವಾಗ ಪಕ್ಕದ ಸೀಟಿನಲ್ಲಿ ನನ್ನ ಕಾಲಡಿ ಇರುವ ಬ್ರೇಕು ಆ ಬಲಗಾಲಿನದು. ಕಲಿಯುವವರು ಎದುರಿನ ಲಾರಿಯನ್ನು ನೋಡಿ ಕಣ್ಣು ಮುಚ್ಚಿಕೊಂಡಾಗ ನಾನು ಯೋಚಿಸುವುದಿಲ್ಲ, ಕಾಲು ಯೋಚಿಸುತ್ತದೆ. ಆ ಕಾಲೂ ಹೋದರೆ ಮನೆಯೊಳಗೆ ಗೋಡೆ ಹಿಡಿದು ನಡೆಯುವುದಷ್ಟೇ ಉಳಿಯುತ್ತದೆ. ನನಗೆ ಡ್ರಿಪ್ ಬೇಡ. ಬರೀ ಮಾತ್ರೆ ಸಾಕು. ಇದನ್ನು ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿಕೊಂಡು ಹೋಗಿದ್ದೆ.

ಡಾಕ್ಟರರು ಒಳ್ಳೆಯವರೇ. "ಏನಮ್ಮ, ನಿಮಗೇನನ್ನಿಸುತ್ತೆ?" ಎಂದು ಕೇಳಿದರು. ನಾನು ಶುರುಮಾಡಿದೆ. ಕಾಲಿನ ಮಾತು ಬಂದಾಗ ದನಿ ಏರಿತು, ಮೇಜಿನ ಮೇಲೆ ಕೈಯನ್ನೂ ಬಡಿದೆನೋ ಏನೋ. ಮಗಳು ಜೇಬಿಗೆ ಕೈ ಹಾಕಿದಳು. "ಅಮ್ಮಾ, ಬಾಯಿ ತೆಗಿ." ನಾನು ಬೇಡ ಎನ್ನಲು ಬಾಯಿ ತೆಗೆದೆ. ಒಳಗೆ ತುರುಕಿದಳು. "ಸಾರಿ ಡಾಕ್ಟರ್, ಶುಗರ್ ಇಳಿದ್ರೆ ಹೀಗೇ ಆಡ್ತಾರೆ." ಕಟಕಟ ಕಡಿದು ನುಂಗುವಷ್ಟರಲ್ಲಿ ಅವಳೇ ನನ್ನ ಪರವಾಗಿ ಡ್ರಿಪ್ಪಿಗೆ ಹೂಂ ಎಂದಿದ್ದಳು. ಡಾಕ್ಟರರು ಬರೆದುಕೊಂಡೂ ಆಗಿತ್ತು. ನಮ್ಮ ಹಿಂದೆ ಬಾಗಿಲಲ್ಲಿ ಇಪ್ಪತ್ತು ಜನ ಕಾಯುತ್ತಿದ್ದರು.

ಅವಳದು ಪ್ರೀತಿಯೇ, ನನಗೆ ಗೊತ್ತಿಲ್ಲವೇ? ಆದರೆ ಮನೆಯಲ್ಲಿ ನನ್ನ ಮಾತಿಗೆ ಈಗ ಕಿವಿಯೇ ಇಲ್ಲ, ಬರೀ ಬಾಯಿಗೆ ಹಾಕುವ ಕೈ ಇದೆ. ಹೇಳುವುದನ್ನು ಹೇಳಲು ಹೋದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಸಕ್ಕರೆ. ಸಮಾಧಾನದಿಂದ ಹೇಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ದಣಿದಿದ್ದೇನೆ ಕಣೋ. ಅವಳು ನಿನ್ನ ಮಾತು ಕೇಳುತ್ತಾಳೆ. ಅಮ್ಮನಿಗೆ ಡ್ರಿಪ್ ಬೇಡವಂತೆ, ಅವಳು ಬುದ್ಧಿ ನೆಟ್ಟಗಿದ್ದೇ ಹೇಳುತ್ತಿದ್ದಾಳೆ ಎಂದು ಒಂದು ಕಾಗದ ಬರೆ. ಅಷ್ಟೇ ಸಾಕು. ಬರುವುದೇನೂ ಬೇಡ. ಬಂದು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಅಕ್ಕ


ಮಾರ್ಚ್ 30

ಅಕ್ಕಾ,

ಒಂದೇ ಜೀಪಿನಲ್ಲಿ ಎರಡು ಕಾಗದ ಬಂದವು, ನಿನ್ನದು ಮತ್ತು ನಿನ್ನ ಮಗಳದು. ಅವಳದನ್ನು ಮೊದಲು ಒಡೆದದ್ದೇ ಒಳ್ಳೆಯದಾಯಿತು. ಡಾಕ್ಟರರ ಹತ್ತಿರ ಹೋದ ದಿನ ನಿನ್ನ ಶುಗರ್ ತುಂಬ ಇಳಿದಿತ್ತಂತೆ, ಮನೆಗೆ ಬಂದಮೇಲೂ ಸಂಜೆವರೆಗೆ ಹಾಗೇ ಕೂಗಾಡುತ್ತಿದ್ದೆಯಂತೆ. ಹಾಗಾಗಿ ನಿನ್ನ ಕಾಗದದ ಮಾತುಗಳನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಬಾಗಿಲು, ಗಡಿಯಾರ ಎಂದೆಯಲ್ಲ, ಅದನ್ನೂ ಮರೆತೆ. ನೀನೂ ಮರೆತುಬಿಡು.

ಅವಳಿಗೆ ನಾನು ಮೊದಲೇ ಬರೆದಿದ್ದೆ, ಅಮ್ಮ ಏನೇ ಅಂದರೂ ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳು ಎಂದು. ಈಗಲೂ ಅದನ್ನೇ ಬರೆದಿದ್ದೇನೆ.

ಡ್ರಿಪ್ ತೆಗೆದುಕೊ ಅಕ್ಕಾ. ಕಾಲಿನದು ಆಮೇಲೆ ನೋಡಿಕೊಳ್ಳೋಣ. ಜೀವ ಇದ್ದರೆ ತಾನೇ ಕಾಲಿಗೆ ಜೋಡು. ನನ್ನ ಬದಲಿಯವನು ಇನ್ನೂ ಬಂದಿಲ್ಲ.

ತಮ್ಮ


ಏಪ್ರಿಲ್ 6
ಶುಗರ್ 138

ಮೇಲಿನ ಅಂಕಿಯನ್ನು ಮೊದಲು ನೋಡಿಕೊ. ಈಗಷ್ಟೇ ಬೆರಳು ಚುಚ್ಚಿ ನೋಡಿದ್ದು. ಇದರಲ್ಲಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಈ ಹೊತ್ತಿನಲ್ಲಿ ಬರೆದದ್ದಕ್ಕೆ ನಾನೇ ಜವಾಬ್ದಾರಳು.

ಡಾಕ್ಟರರ ಹತ್ತಿರ ಹೋದ ದಿನ ನನ್ನ ಶುಗರ್ ಇಳಿದಿರಲಿಲ್ಲ. ಹೊರಗೆ ಬಂದಮೇಲೆ ಮೆಟ್ಟಿಲ ಹತ್ತಿರ ನಾನೇ ಮಷೀನು ಕಸಿದುಕೊಂಡು ನೋಡಿದ್ದೆ, ಸರಿಯಾಗೇ ಇತ್ತು. ಆ ಪೆಪ್ಪರಮಿಂಟು ಇಷ್ಟು ಬೇಗ ಏರಿಸಿತು ಎಂದು ಮಗಳು ಖುಷಿಪಟ್ಟಳು! ಏರಿದ್ದರೆ ಅದು ಸಿಹಿಯಿಂದ, ಇಳಿದಿದ್ದರೆ ಅದಕ್ಕೇ ಸಿಟ್ಟು. ಹೇಗೆ ಬಿದ್ದರೂ ತಪ್ಪು ನನ್ನದೇ.

ಎರಡು ದಿನ ಬಿಟ್ಟು ಕೇಳು ಎಂದು ಅವಳಿಗೆ ಹೇಳಿಕೊಟ್ಟವನು ನೀನಾ? ನಾನು ನಿನ್ನನ್ನು ವಕೀಲನೆಂದು ಹಿಡಿದೆ. ನೀನು ಎದುರು ಪಕ್ಷಕ್ಕೆ ಆಗಲೇ ಸಲಹೆ ಕೊಟ್ಟು ಕೂತಿದ್ದೆ.

ಇನ್ನು ಮೇಲೆ ನನ್ನ ಪ್ರತಿ ಕಾಗದದ ನೆತ್ತಿಯ ಮೇಲೂ ಈ ಅಂಕಿ ಇರುತ್ತದೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಗಾಯ ಮುಚ್ಚುತ್ತ ಬಂದಿದೆ. ಡ್ರಿಪ್ಪಿನ ದಿನ ಇಪ್ಪತ್ತೆಂಟಕ್ಕೆ ಎಂದು ಗೊತ್ತಾಗಿದೆ. ಅದರೊಳಗೆ ನೀನು ಅವಳಿಗೆ ಬರೆಯಬೇಕು.

ಅಕ್ಕ


ಏಪ್ರಿಲ್ 13
ಗಾಳಿ ಪಡುವಣದಿಂದ, ಜೋರು. ಮೋಡ ಅರ್ಧ ಆಕಾಶ.

ಅಕ್ಕಾ,

ನೀನು ನಿನ್ನ ಅಂಕಿ ಬರೆದೆ, ನಾನು ನನ್ನದು. ಇನ್ನೇನು ಬರೆಯಲಿ ಎಂದು ಎರಡು ಹಾಳೆ ಹರಿದುಹಾಕಿದೆ.

ನೀನು ಹೇಳಿದ್ದು ಕೇಳಿಸಿತು. ಆದರೆ ಅವಳಿಗೆ ಏನೆಂದು ಬರೆಯಲಿ? ಡ್ರಿಪ್ ಬೇಡ ಎಂದು ನಾನು ಬರೆದು, ನಾಳೆ ನಿನಗೇನಾದರೂ ಆದರೆ ಅವಳು ಮುಖ ಎತ್ತಿ ನೋಡುವುದು ನನ್ನನ್ನೇ. ಬೇಕು ಎಂದರೆ ನೀನು ನೋಡುತ್ತೀಯ. ಇದು ನಿಮ್ಮ ಅಮ್ಮ ಮಗಳ ನಡುವಿನದು. ನನ್ನನ್ನು ಮಧ್ಯೆ ನಿಲ್ಲಿಸಬೇಡ.

ಬದಲಿಯವನು ಬಂದು ವಾರವಾಯಿತು. ನಾನು ಹೊರಟಿಲ್ಲ. ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದ ದಿನ ನಾನು ಕೆಳಗಿನ ಅಂಗಡಿಯಲ್ಲಿ ಟೀ ಮೇಲೆ ಟೀ ಕುಡಿಯುತ್ತ ನಿಂತಿದ್ದೆ, ಮೇಲೆ ಬರಲು ಕಾಲೇ ಬರಲಿಲ್ಲ. ಮಾರನೆಯ ದಿನ ಬಂದರೂ ಬಾಗಿಲಲ್ಲೇ ನಿಂತೆ. ಗಡಿಯಾರ ನೋಡಿದೆ ಎಂದೆಯಲ್ಲ, ನೋಡಿದ್ದೆ. ಇದಕ್ಕೆ ಏನೆಂದು ಬೈಯುತ್ತೀಯೋ ಬೈ.

ತಮ್ಮ


ಏಪ್ರಿಲ್ 18
ಶುಗರ್ 51

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ಬಂತು. ಸಂತೋಷವಾಯಿತು. ನೀನು ಹೇಳುವುದು ಸರಿ. ಎಲ್ಲರೂ ಹೇಳುವುದು ಸರಿಯೇ. ಬೆಳಿಗ್ಗೆ ಇನ್ಸುಲಿನ್ ಆಯಿತು, ಬ್ರೆಡ್ಡು ಹಾಗೇ ಇದೆ. ಆಮೇಲೆ ತಿಂದರಾಯಿತು. ಮಗಳು ಆಸ್ಪತ್ರೆಯ ಒಪ್ಪಿಗೆ ಪತ್ರ ಇಟ್ಟುಹೋಗಿದ್ದಳು, ಸಹಿ ಹಾಕಿದೆ. ಡ್ರಿಪ್ ತೆಗೆದುಕೊಳ್ಳುತ್ತೇನೆ. ನೀವೆಲ್ಲ ಇಷ್ಟು ಹೇಳುವಾಗ ನಾನೇಕೆ ಹಟ ಮಾಡಲಿ? ಹೊರಗೆ ಬಿಸಿಲು ಚೆನ್ನಾಗಿದೆ. ಮಗಳು ಬಂಗಾರದಂಥವಳು. ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಸಿಟ್ಟಿಲ್ಲ. ಹೊರಗೆ ಬಿಸಿಲು ಚೆನ್ನಾಗಿದೆ. ಕೈ ಸ್ವಲ್ಪ

ಸಂತೋಷವಾಯಿತು


ಏಪ್ರಿಲ್ 25

ಅಕ್ಕಾ,

ಈ ಕಾಗದ ಬರುವ ಮೊದಲೇ ನನ್ನ ಫೋನು ಬಂದು, ಮನೆಯಲ್ಲಿ ರಂಪವೂ ಆಗಿರುತ್ತದೆ. ಆದರೂ ಬರೆಯುತ್ತೇನೆ. ವೈರ್‌ಲೆಸ್ಸಿನಲ್ಲಿ ಕಿರಿಚಿದ್ದು ಮಗಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ನಿನ್ನ ಹದಿನೆಂಟನೇ ತಾರೀಖಿನ ಕಾಗದ ಇವತ್ತು ಬೆಳಿಗ್ಗೆ ಬಂತು. ಮೊದಲು ಮನಸ್ಸಿಗೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಸದ್ಯ, ಅಕ್ಕ ಒಪ್ಪಿದಳು, ನನ್ನ ಮೇಲೆ ಸಿಟ್ಟೂ ಇಲ್ಲ. ಜೊತೆಯವನಿಗೆ ಓದಿ ಹೇಳಿದೆ. ಅವನು, "ಇವರೇನಾ ಸಾರ್ ನಿಮ್ಮನ್ನ ಅಷ್ಟು ಬೈತಾರೆ ಅಂದ್ರಲ್ಲ, ಆ ಅಕ್ಕ?" ಎಂದ. ಆಗ ಇನ್ನೊಮ್ಮೆ ಓದಿದೆ. ನನ್ನ ಹಿಂದಿನ ಕಾಗದಕ್ಕೆ ನೀನು ಬೈಯದೆ ಬಿಡುವುದುಂಟೆ? ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಆಮೇಲೆ ಮೇಲಿನ ಅಂಕಿ ಕಣ್ಣಿಗೆ ಬಿತ್ತು, ಐವತ್ತೊಂದು. ಎಪ್ಪತ್ತಕ್ಕಿಂತ ಇಳಿದರೇ ಅಪಾಯವಂತೆ.

ದಿನಕ್ಕೆ ಎಂಟು ಸಲ ಅಂಕಿ ಓದುವುದೇ ನನ್ನ ಕೆಲಸ. ನನ್ನಕ್ಕ ಕಾಗದದ ನೆತ್ತಿಯ ಮೇಲೆ ಬರೆದ ಅಂಕಿಯನ್ನು ನಾನು ಓದದೆ ಕೆಳಗಿನ ಸಿಹಿಮಾತಿಗೆ ಸೋತೆ.

ಎಲ್ಲ ಕಾಗದಗಳನ್ನೂ ಮಂಚದ ಮೇಲೆ ಹರಡಿ ನೋಡಿದೆ. ಬಚ್ಚಲಲ್ಲಿ ಬಿದ್ದ ದಿನ ನೀನು ಕೂಗಾಡುತ್ತ ಬೀಳಲಿಲ್ಲ ಅಕ್ಕಾ. "ನೀನು ಹೇಳೋದೇ ಸರಿ" ಎಂದು ಹೇಳಿ ಬಿದ್ದೆ. ನೂರಾ ಮೂವತ್ತೆಂಟಿದ್ದ ದಿನ ಬೆಂಕಿಯ ಹಾಗೆ ಬರೆದೆ. ಐವತ್ತೊಂದಿದ್ದ ದಿನ ಬೆಣ್ಣೆ. ಬೇರೆಯವರಿಗೆ ಹೇಗೋ ಏನೋ. ನಿನಗೆ ಶುಗರ್ ಇಳಿದರೆ ಸಿಟ್ಟು ಬರುವುದಿಲ್ಲ, ಇದ್ದ ಸಿಟ್ಟೂ ಹೋಗುತ್ತದೆ. ನಾವು ಇಷ್ಟು ದಿನ ನೀನು ಗಟ್ಟಿಯಾಗಿದ್ದಾಗ ಬಾಯಿಗೆ ಸಿಹಿ ತುರುಕಿ, ನೀನು ಮುಳುಗುತ್ತಿದ್ದಾಗ "ಅಬ್ಬ, ಅಮ್ಮ ಇವತ್ತು ಎಷ್ಟು ಸಮಾಧಾನವಾಗಿದ್ದಾರೆ" ಎಂದು ಬಾಗಿಲು ಎಳೆದುಕೊಂಡು ಹೋಗುತ್ತಿದ್ದೆವು.

ಅಂಥ ಹೊತ್ತಿನಲ್ಲಿ ಹಾಕಿದ ಸಹಿ ಅದು.

ತುರ್ತು ಇದ್ದರೆ ಮಾತ್ರ ವೈರ್‌ಲೆಸ್ ಮುಟ್ಟಬೇಕು ಎಂಬ ನಿಯಮವಿದೆ. ಮುಟ್ಟಿದೆ. ಕೆಳಗಿನ ಕಚೇರಿಯವರು, "ಏನ್ ತುರ್ತು ರೀ, ಬಿರುಗಾಳಿನಾ?" ಎಂದರು. "ಹೂಂ, ನಮ್ಮಕ್ಕ" ಎಂದೆ. ಅವರು ಮನೆಗೆ ಫೋನು ಹಚ್ಚಿ ಜೋಡಿಸಿಕೊಟ್ಟರು. ನಿನ್ನ ಮಗಳಿಗೆ ಎರಡು ಮಾತು ಹೇಳಿದೆ. ಅಮ್ಮ ನಯವಾಗಿ ಮಾತಾಡಿದರೆ ಮೊದಲು ಬೆರಳು ಚುಚ್ಚಿ ನೋಡು, ಸಿಟ್ಟಾದರೆ ಕೂತು ಕೇಳು. "ಹಾಗಾದ್ರೆ ನಾನು ಅಮ್ಮನ್ನ ಸಾಯ್ಸೋಕೆ ಹೊರಟಿದ್ದೆ ಅಂತೀರಾ ಮಾವಾ?" ಎಂದಳು. ನಾನು ಏನೋ ಹೇಳುವಷ್ಟರಲ್ಲಿ ಲೈನು ಹೋಯಿತು, ಅಥವಾ ಅವಳೇ ಇಟ್ಟಳು. ಅವಳು ಹೆದರಿದಳು, ನಾನು ತಪ್ಪಿಸಿಕೊಂಡೆ. ಇದರಲ್ಲಿ ಯಾವುದು ದೊಡ್ಡ ತಪ್ಪು ಎಂದು ಅವಳಿಗೆ ಹೇಳಲಾಗಲಿಲ್ಲ.

ನನಗೆ ಈಗಲೂ ನೀನು ಡ್ರಿಪ್ ತೆಗೆದುಕೊಂಡರೆ ಒಳ್ಳೆಯದು ಅನ್ನಿಸುತ್ತದೆ. ಆದರೆ ಬೇಡ ಎಂದು ನೀನು ಹೇಳಿದ್ದನ್ನು ನಾನು ಕೇಳಿದ್ದೇನೆ, ಹೇಳಿದಾಗ ನಿನ್ನ ಬುದ್ಧಿ ನನಗಿಂತ ನೆಟ್ಟಗಿತ್ತು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮುಂದಿನ ಜೀಪಿನಲ್ಲಿ ಇಳಿಯುತ್ತೇನೆ. ಈ ಸಲ ಮೆಟ್ಟಿಲು ಹತ್ತಿ ಬರುತ್ತೇನೆ.

ತಮ್ಮ


ಏಪ್ರಿಲ್ 29

ತಮ್ಮಾ,

ಇವತ್ತು ನೆತ್ತಿಯ ಮೇಲೆ ಅಂಕಿ ಹಾಕಿಲ್ಲ, ಬೈಗುಳದಿಂದಲೇ ತಿಳಿದುಕೊ. ಆ ಹದಿನೆಂಟರ ಕಾಗದ ಬರೆದದ್ದು ನನಗೆ ನೆನಪಿಲ್ಲ. ಮೇಜಿನ ಮೇಲೆ ಮಡಚಿದ್ದು ಬಿದ್ದಿತ್ತಂತೆ, ಅಳಿಯ ಪಾಪ ಒಳಗೆ ಇಣುಕದೆ ಲಕೋಟೆಗೆ ಹಾಕಿ ಅಂಚೆಗೆ ಹಾಕಿದ. ಮಗಳು ಹೊರಗಿನಿಂದ ಬಂದಾಗ ನಾನು ಬೆವರಿ ತೊಪ್ಪೆಯಾಗಿ ಕೂತು ಕಿಟಕಿ ನೋಡುತ್ತಿದ್ದೆನಂತೆ. ಬಿಸಿಲಿಗೆ ಬೆವರಿದೆ ಎಂದುಕೊಂಡು ಒಂದು ಲೋಟ ಹಣ್ಣಿನ ರಸ ಕೊಟ್ಟಳು. ಬದುಕಿದ್ದು ಅದರಿಂದ, ಅವಳಿಗೂ ಗೊತ್ತಿಲ್ಲದೆ.

ನಿನ್ನ ಫೋನು ಬಂದ ಮೇಲೆ ಅವಳು ಎರಡು ದಿನ ನನ್ನ ಮುಖ ನೋಡಲಿಲ್ಲ. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ, ಡ್ರಿಪ್ಪಿನ ಕೋಣೆಗೆ ಹೋಗುವ ಮೊದಲು, ಅವಳೇ ನನ್ನನ್ನು ಡಾಕ್ಟರರ ಕೋಣೆಗೆ ತಿರುಗಿಸಿದಳು. "ಅಮ್ಮ ಏನೋ ಹೇಳ್ಬೇಕಂತೆ" ಎಂದಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು, ಚಿಕ್ಕ ಮಕ್ಕಳ ಹಾಗೆ.

ನಾನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ. ಕೂಗಿದೆ, ಮಧ್ಯೆ ಉಸಿರು ಸಾಲದೆ ನಿಲ್ಲಿಸಿದೆ, ಹೇಳಿದ್ದನ್ನೇ ಹೇಳಿದೆ. ಯಾರೂ ತಡೆಯಲಿಲ್ಲ. ಡಾಕ್ಟರರು, "ಸಿಟ್ಟಲ್ಲಿ ಹೇಳ್ತಾ ಇಲ್ಲ ತಾನೇ?" ಎಂದರು. "ಸಿಟ್ಟಲ್ಲೇ ಸ್ವಾಮಿ. ಕಾಲು ನಂದು ತಾನೇ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬರೀ ಮಾತ್ರೆಯಾದರೆ ರೋಗ ತಿರುಗುವ ಸಾಧ್ಯತೆ ಸ್ವಲ್ಪ ಹೆಚ್ಚು, ಬಹಳವಲ್ಲ, ಆದರೆ ಇಲ್ಲವೇ ಇಲ್ಲ ಎಂದೂ ಅಲ್ಲ, ಎಂದರು. ಶುಗರ್ ಇರುವವರಿಗೆ ನರದ ವಿಷಯದಲ್ಲಿ ನಿಮ್ಮ ಹೆದರಿಕೆ ತಪ್ಪಲ್ಲ ಎಂದರು. ಹಳೆಯ ಸಹಿಯ ಮೇಲೆ ಗೀಟು ಎಳೆದರು. ಇನ್ಸುಲಿನ್ನಿನ ಅಳತೆಯನ್ನೂ ಇಳಿಸಿದರು. ಇಷ್ಟು ಕಡಿಮೆ ತಿನ್ನುವುದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದರು. ಹೇಳಲು ಬಾಯಿ ಖಾಲಿ ಇರಬೇಕಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು, ಮಗಳ ಮುಖ ನೋಡಿ ನುಂಗಿಕೊಂಡೆ.

ನನಗೆ ಗೆದ್ದ ಹಾಗೆ ಅನ್ನಿಸಲಿಲ್ಲ ಕಣೋ. ಮೂಟೆ ಇಳಿಸಿದ ಮೇಲೆ ಬೆನ್ನು ಇನ್ನೂ ಹೆಚ್ಚು ನೋಯುತ್ತದಲ್ಲ, ಹಾಗೆ.

ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಿದ್ದೇ ತಡ, ಮಗಳು ಸಿಡಿದಳು. "ನಿನಗೆ ನಿನ್ನ ಬ್ರೇಕು ಮುಖ್ಯ, ನಾನಲ್ಲ!" ಎಂದಳು. "ಬ್ರೇಕಲ್ಲ ಕಣೇ, ಕಾಲು" ಎಂದೆ. "ಅದು ತಿರುಗಿ ಬಂದ್ರೆ? ಆಗ ನಿನ್ನ ಕಾಲನ್ನ ತಬ್ಕೊಂಡು ಕೂತ್ಕೊಳ್ಳಲಾ? ನನ್ನನ್ನ ಕೇಳಿದ್ಯಾ ನೀನು, ಒಂದ್ಸಲನಾದ್ರೂ ಕೇಳಿದ್ಯಾ?" ಎಂದು ಸ್ಟೇರಿಂಗನ್ನು ಗುದ್ದಿದಳು. ಹಾರ್ನು ಹೊಡೆದುಕೊಂಡಿತು, ಎದುರಿಗೆ ಗಾಲಿಕುರ್ಚಿ ತಳ್ಳುತ್ತಿದ್ದವನು ಬೆಚ್ಚಿಬಿದ್ದ. ನಾನೂ ಬಿಡಲಿಲ್ಲ. ನನ್ನನ್ನು ಬೊಂಬೆ ಮಾಡಿದೆ ಎಂದೆ. ಹೆತ್ತಿದ್ದಕ್ಕೆ ಇದೊಂದು ಉಪಕಾರ ಎಂದೆ, ಅನ್ನಬಾರದ್ದನ್ನೂ ಅಂದೆ. ಆಪರೇಷನ್ ಆದಾಗಿನಿಂದ ನನ್ನ ಮೇಲೆ ಯಾರೂ ಕೂಗಿರಲಿಲ್ಲ. ಎಲ್ಲರೂ ಪಿಸುಮಾತು, ಎಲ್ಲರೂ ತುದಿಗಾಲು. ಅವಳು ಕೆಂಪಗಾಗಿ ಕಿರಿಚುವುದನ್ನು ನೋಡುತ್ತ ನೋಡುತ್ತ, ಇವಳು ನನ್ನ ಮಗಳೇ, ಅನುಮಾನವಿಲ್ಲ, ಅನ್ನಿಸಿತು.

"ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ, ಅದನ್ನ ಹೇಳು" ಎಂದು ಕೊನೆಗೆ ಕೇಳಿದಳು. ಗೊತ್ತಿಲ್ಲ ಪುಟ್ಟಾ ಎಂದೆ. ಅವಳು ಗಕ್ಕನೆ ನನ್ನ ಕೈ ಎಳೆದು ಬೆರಳು ಚುಚ್ಚಿದಳು. ನೂರಾ ಐವತ್ತು ಚಿಲ್ಲರೆ ಇತ್ತು. ಹಾಗಾದರೆ ಗೊತ್ತಿಲ್ಲ ಅನ್ನುವುದೂ ನಿಜವೇ ಎಂದು ಅವಳಿಗೆ ಅರ್ಥವಾಗಿರಬೇಕು, ಮಷೀನನ್ನು ಹಿಂದಿನ ಸೀಟಿಗೆ ಎಸೆದು ಕಾರು ಶುರುಮಾಡಿದಳು.

ನೀನು ಬರುವುದಾದರೆ ಬಾ. ಸಮಾಧಾನ ಮಾಡಲು ಬರಬೇಡ, ಇಲ್ಲಿ ಯಾರಿಗೂ ಆಗುವ ಹಾಗಿಲ್ಲ. ಮಾತ್ರೆ ಇವತ್ತಿನಿಂದ ಶುರುವಾಗಿದೆ, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಮಗಳು ಇನ್ನೂ ಮುನಿಸಿನಲ್ಲೇ ಇದ್ದಾಳೆ. ಮಧ್ಯಾಹ್ನ ತಟ್ಟೆ ತಂದು ಕುಕ್ಕಿ, ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತಳು. ಹೋಗಲೂ ಇಲ್ಲ, ತಿರುಗಲೂ ಇಲ್ಲ. ನನಗೆ ಹಸಿವಿರಲಿಲ್ಲ. ತಿಂದೆ.

ಅಕ್ಕ